ಸಣ್ಣ ಕಾರ್ಯಕ್ರಮಕ್ಕೆ ಎಲ್‌ಇಡಿ ಪಾರ್ ಲೈಟ್: ಕೊಳ್ಳುವ ಮುಂಚೆ ಹೋಲಿಸಿ ನೋಡುವುದು ಹೇಗೆ?

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ ಕಡೆ ಸಣ್ಣದಾಗಿ ಲೈಟಿಂಗ್ ಮಾಡುವವರಿಗೆ ಒಂದೇ ಥರದ ಕೆಲಸ ಇರುವುದಿಲ್ಲ. ಇವತ್ತು ಶಾಲೆಯ ಗ್ಯಾದರಿಂಗ್, ನಾಳೆ ಮದುವೆ ರಿಸೆಪ್ಷನ್, ನಾಡಿದ್ದು ದೇವಸ್ಥಾನದ ಬಯಲಿನಲ್ಲಿ ಯಕ್ಷಗಾನದ ಆಟ. ಜಾತ್ರೆ ಬಂದರೆ ನಾಟಕ, ಆರ್ಕೆಸ್ಟ್ರಾ. ಘಟ್ಟ ಹತ್ತಿ ಶಿರಸಿ, ಸಿದ್ದಾಪುರಕ್ಕೆ ಹೋದರೂ ಇದೇ ಕಥೆ. ಗಾಡಿಯಲ್ಲಿ ಹೋಗುವುದು ಮಾತ್ರ ಅವೇ ಎಂಟೋ ಹನ್ನೆರಡೋ ಪಾರ್ ಲೈಟ್, ಅಂದರೆ ವೇದಿಕೆಗೆ ಬೆಳಕು, ಬಣ್ಣ ಬಿಡುವ ಡಬ್ಬದಂಥ ದುಂಡನೆಯ ಲೈಟ್. ಹಾಗಾಗಿ ಒಮ್ಮೆ ತಪ್ಪು ಲೈಟ್ ತಂದರೆ ಎಲ್ಲ ಕಾರ್ಯಕ್ರಮಕ್ಕೂ ಅದರ ಬಿಸಿ ತಟ್ಟುತ್ತದೆ.

ಅಂಗಡಿಯಲ್ಲಿ ಎಲ್ಲ ಲೈಟೂ ಚೆಂದವೇ ಕಾಣುತ್ತದೆ. ಗೋಡೆಯ ಮೇಲೆ ಕಡುಕೆಂಪು, ಕಡುನೀಲಿ ಬಿಟ್ಟು ತೋರಿಸುತ್ತಾರೆ, ಕಣ್ಣು ತುಂಬುತ್ತದೆ. ಆದರೆ ಕೆಂಪು, ನೀಲಿಯನ್ನು ಎಂಥ ಅಗ್ಗದ ಎಲ್‌ಇಡಿಯೂ ಚೆನ್ನಾಗಿಯೇ ಕೊಡುತ್ತದೆ. ಲೈಟಿನ ಯೋಗ್ಯತೆ ಗೊತ್ತಾಗುವುದು ಬಿಳಿ ಮತ್ತು ಹಳದಿಯಲ್ಲಿ. ಈ ಬರಹದಲ್ಲಿ ನಾನು ಮತ್ತೆ ಮತ್ತೆ ಹೇಳುವುದು ಅದನ್ನೇ.

ಹಂತ 1: ಮುಂದಿನ ಲೈಟ್ ಬೇರೆ, ಹಿಂದಿನ ಲೈಟ್ ಬೇರೆ

ಒಂದು ಹಾಳೆ ತಗೊಂಡು ಕಳೆದ ಸೀಸನ್ನಿನ ಕಾರ್ಯಕ್ರಮಗಳನ್ನು ಬರೆಯಿರಿ. ಪಕ್ಕದಲ್ಲಿ, ಲೈಟ್ ಎಲ್ಲಿ ಕಟ್ಟಿದ್ದಿರಿ, ಬೆಳಕು ಯಾವುದರ ಮೇಲೆ ಬೀಳಬೇಕಿತ್ತು ಎಂದು ಬರೆಯಿರಿ. ಬರೆದು ನೋಡಿದರೆ ಎರಡೇ ಗುಂಪು ಸಿಗುತ್ತದೆ. ಮುಖ ಮತ್ತು ವೇಷದ ಮೇಲೆ ಬೀಳುವ ಬೆಳಕು ಒಂದು. ಪರದೆ, ಕಂಬ, ಮರ, ಕಲಾವಿದರ ಬೆನ್ನು ಇವುಗಳ ಮೇಲೆ ಬೀಳುವ ಬಣ್ಣ ಇನ್ನೊಂದು.

ಬಹಳ ಜನ ಎರಡಕ್ಕೂ ಒಂದೇ ಮಾಡೆಲ್ ತರುತ್ತಾರೆ. ಹನ್ನೆರಡೂ ಒಂದೇ ಥರ ಇದ್ದರೆ ಸುಲಭ ಅಂತ. ನನ್ನ ಪ್ರಕಾರ ದುಡ್ಡು ಹಾಳಾಗುವುದು ಅಲ್ಲೇ. ಹಿಂದಿನ ಬಣ್ಣಕ್ಕೆ ಸಾದಾ ಲೈಟ್ ಸಾಕು. ಮುಂದಿನದಕ್ಕೆ ಒಳ್ಳೆಯ ಲೈಟ್ ನಾಲ್ಕಿದ್ದರೂ ವೇದಿಕೆಯ ಕಳೆಯೇ ಬೇರೆ.

ಹಂತ 2: ಡಬ್ಬದ ಮೇಲಿನ ಅಕ್ಷರ ಮತ್ತು ಅಂಕಿ ಬಿಡಿಸಿ ನೋಡಿ

ಆರ್‌ಜಿಬಿ ಎಂದರೆ ಒಳಗೆ ಕೆಂಪು, ಹಸಿರು, ನೀಲಿ ಎಲ್‌ಇಡಿ ಇವೆ. ಕೊನೆಗೆ ಡಬ್ಲ್ಯು ಇದ್ದರೆ ಬೇರೆ ಬಿಳಿ ಎಲ್‌ಇಡಿಯೂ ಇದೆ. ಎ ಇದ್ದರೆ ಅಂಬರ್, ಅಂದರೆ ಕಿತ್ತಳೆಗೆ ತಿರುಗಿದ ಹಳದಿ. ಯುವಿ ಇದ್ದರೆ ನೇರಳೆಯಾಚೆಯ ಬೆಳಕು. ಆರೂ ಇದ್ದರೆ ಅದನ್ನು ಸಿಕ್ಸ್ ಇನ್ ಒನ್ ಅನ್ನುತ್ತಾರೆ.

ಬಿಳಿ ಬೇಕಾದರೆ ಮೂರು ಬಣ್ಣ ಸೇರಿಸಿದರೆ ಸಾಕಲ್ವಾ, ಬೇರೆ ಬಿಳಿ ಯಾಕೆ? ಕಾರಣ ಇದೆ. ಹಸಿರು ಎಲ್‌ಇಡಿಯ ಬೆಳಕಿನ ತರಂಗದ ಉದ್ದ ಸುಮಾರು 520ರಿಂದ 530 ನ್ಯಾನೋಮೀಟರ್ ಸುತ್ತ ಇರುತ್ತದೆ. ಕೆಂಪಿನದು 620ರಿಂದ 630. ಇವೆರಡರ ನಡುವೆ ದೊಡ್ಡ ಖಾಲಿ ಜಾಗ. ಅರಿಸಿನ, ಚಿನ್ನ, ನಮ್ಮ ಮೈಬಣ್ಣ ಇವೆಲ್ಲ ಚೆನ್ನಾಗಿ ಕಾಣಲು ಆ ಖಾಲಿ ಜಾಗದ ಬೆಳಕೇ ಬೇಕು. ಆರ್‌ಜಿಬಿಯ ಮೂರೂ ಬಣ್ಣ ಸೇರಿಸಿದಾಗ ಗೋಡೆ ಬೆಳ್ಳಗೇ ಕಾಣುತ್ತದೆ. ಅದೇ ಬೆಳಕನ್ನು ಮನುಷ್ಯರ ಮೇಲೆ ಬಿಟ್ಟರೆ ಮುಖ ಮೇಣದ ಹಾಗೆ ಆಗುತ್ತದೆ, ಒಡವೆ ಮಂಕಾಗುತ್ತದೆ. ಅಂಬರ್ ಎಲ್‌ಇಡಿ 590ರ ಹತ್ತಿರ ಬೆಳಗಿ ಆ ಜಾಗ ತುಂಬುತ್ತದೆ. ಬಿಳಿ ಎಲ್‌ಇಡಿಯಲ್ಲಿ ನೀಲಿ ಚಿಪ್ಪಿನ ಮೇಲೆ ಹಳದಿ ಫಾಸ್ಫರ್ ಲೇಪ ಇರುತ್ತದೆ. ಅದೂ ಆ ಜಾಗವನ್ನು ತುಂಬುತ್ತದೆ.

ಈಗ ಅಂಕಿಗೆ ಬನ್ನಿ. ಇಲ್ಲಿ ಬಹಳ ಜನ ಏಮಾರುತ್ತಾರೆ. ಒಂದು ಲೈಟಿನ ಮೇಲೆ 18 × 12 ವ್ಯಾಟ್ ಆರ್‌ಜಿಬಿಡಬ್ಲ್ಯು ಎಂದಿದೆ, ಗುಣಿಸಿದರೆ 216. ಇನ್ನೊಂದರ ಮೇಲೆ 18 × 18 ವ್ಯಾಟ್ ಸಿಕ್ಸ್ ಇನ್ ಒನ್, ಗುಣಿಸಿದರೆ 324. ಎರಡನೆಯದು ಒಂದೂವರೆ ಪಟ್ಟು ಜೋರು ಅನ್ನಿಸುತ್ತದೆ. ಆದರೆ ಮೊದಲನೆಯದರಲ್ಲಿ 12 ವ್ಯಾಟನ್ನು ನಾಲ್ಕು ಬಣ್ಣ ಹಂಚಿಕೊಳ್ಳುತ್ತವೆ, ಬಣ್ಣಕ್ಕೆ 3 ವ್ಯಾಟ್. ಎರಡನೆಯದರಲ್ಲಿ 18 ವ್ಯಾಟನ್ನು ಆರು ಬಣ್ಣ ಹಂಚಿಕೊಳ್ಳುತ್ತವೆ, ಅಲ್ಲೂ ಬಣ್ಣಕ್ಕೆ 3 ವ್ಯಾಟ್. ಬರೀ ಕೆಂಪು ಬಿಟ್ಟರೆ ಎರಡೂ ಲೈಟಿನಲ್ಲಿ 18 × 3, ಅಂದರೆ 54 ವ್ಯಾಟ್. ನೀಲಿಯೂ ಅಷ್ಟೇ. ಜಾಸ್ತಿ ಕೊಟ್ಟ ದುಡ್ಡಿಗೆ ಸಿಗುವುದು ಅಂಬರ್ ಮತ್ತು ಯುವಿ. ಅವು ನಿಮಗೆ ಬೇಕಾದರೆ ಸರಿ. ಬೇಡವಾದರೆ ಸುಮ್ನೆ ಯಾಕೆ?

54 × 3 ವ್ಯಾಟ್ ಎಂದು ಬರುವ ಹಳೆ ಥರದ ಲೈಟಿನಲ್ಲಿ ಪ್ರತಿ ಎಲ್‌ಇಡಿಗೂ ಒಂದೊಂದೇ ಬಣ್ಣ. ಅಂಗಡಿಯಲ್ಲಿ ಕೆಂಪು ಮಾತ್ರ ತೀರಾ ಮಂದವಾಗಿ ಹಚ್ಚಿಸಿ, ಕೆಂಪು ಚುಕ್ಕೆ ಎಷ್ಟಿವೆ ಎಂದು ಬೆರಳಿಟ್ಟು ಎಣಿಸಿ. ಆಮೇಲೆ ಹಸಿರು, ನೀಲಿ, ಬಿಳಿ. 54ರಲ್ಲಿ ಕೆಂಪು ಹನ್ನೆರಡೇ ಇದ್ದರೆ ಕೆಂಪಿಗೆ ಸಿಕ್ಕಿದ್ದು 36 ವ್ಯಾಟ್ ಮಾತ್ರ. ಬಿಳಿ ಇನ್ನೂ ಕಮ್ಮಿ ಇರಬಹುದು. ಒಂದು ನಿಮಿಷದ ಕೆಲಸ, ಡಬ್ಬದ ಮೇಲಿನ ಬರಹಕ್ಕಿಂತ ಇದು ನಂಬಿಕೆಗೆ ಯೋಗ್ಯ.

ಈ ವ್ಯಾಟೆಲ್ಲ ಎಲ್‌ಇಡಿಯ ತಾಕತ್ತಿನ ಲೆಕ್ಕ. ಒಳಗಿನ ಪವರ್ ಸಪ್ಲೈ ಅಷ್ಟು ಕರೆಂಟ್ ಕೊಡುತ್ತದೆ ಅಂತೇನಿಲ್ಲ. ಪ್ಲಗ್ಗಿಗೆ ಸಿಕ್ಕಿಸುವ ಸಣ್ಣ ವ್ಯಾಟ್ ಮೀಟರ್ ಜೊತೆಗೆ ಒಯ್ಯಿರಿ. ಎಲ್ಲ ಬಣ್ಣ ಪೂರ್ತಿ ಹಚ್ಚಿದಾಗ ಮೀಟರ್ ತೋರಿಸುವ ಅಂಕಿಯನ್ನು ಬರೆದುಕೊಳ್ಳಿ. 216 ಎಂದು ಬರೆದಿರುವ ಲೈಟ್ 120 ಎಳೆದರೆ ಆಶ್ಚರ್ಯ ಬೇಡ. ಹೋಲಿಸಬೇಕಾದ್ದು ಆ ಅಂಕಿಯನ್ನು.

ಹಂತ 3: ಬಟ್ಟೆ, ಬೇಗಡೆ, ಕೈ ಇಟ್ಟು ನೋಡಿ

ಹುಬ್ಬಳ್ಳಿಗೋ ಬೆಂಗಳೂರಿನ ಎಸ್‌ಪಿ ರಸ್ತೆಗೋ ಗೋವಾಕ್ಕೋ ಲೈಟ್ ನೋಡಲು ಹೋಗುವಾಗ ಒಂದು ಕೈಚೀಲ ಒಯ್ಯಿರಿ. ಅದರಲ್ಲಿ ಬಿಳಿ ಪಂಚೆ, ಅರಿಸಿನ ಬಣ್ಣದ ಶಲ್ಯ, ಕೆಂಪು ಹಳದಿ ಚೌಕುಳಿಯ ಬಟ್ಟೆ, ಒಂದು ತುಂಡು ಬೇಗಡೆ ಇರಲಿ. ನಮ್ಮ ಕಡೆಯ ಯಕ್ಷಗಾನದ, ಅಂದರೆ ಬಡಗುತಿಟ್ಟಿನ ವೇಷದಲ್ಲಿ ಕಣ್ಣಿಗೆ ಬೀಳುವ ಬಣ್ಣಗಳು ಹೆಚ್ಚುಕಮ್ಮಿ ಇವೇ. ಇವು ಚೆನ್ನಾಗಿ ಕಂಡರೆ ಮದುಮಗಳ ಸೀರೆ, ಒಡವೆಯೂ ಚೆನ್ನಾಗಿಯೇ ಕಾಣುತ್ತವೆ.

ಮೊದಲು ಅಂಗಡಿಯ ಬಾಗಿಲಲ್ಲಿ ಹಗಲು ಬೆಳಕಿನಲ್ಲಿ ಎಲ್ಲವನ್ನೂ ಒಮ್ಮೆ ಸರಿಯಾಗಿ ನೋಡಿಕೊಳ್ಳಿ. ಆಮೇಲೆ ಒಳಗೆ ಕತ್ತಲು ಮಾಡಿಸಿ. ಹತ್ತು ಅಡಿ ದೂರದಲ್ಲಿ ಬಟ್ಟೆ ಹರಡಿ, ಎರಡು ಲೈಟನ್ನು ಅಕ್ಕಪಕ್ಕ ಇಟ್ಟು ಬಿಳಿ ಹಚ್ಚಿಸಿ. ನಡುವೆ ಒಂದು ರಟ್ಟು ನಿಲ್ಲಿಸಿದರೆ ಬೆಳಕು ಬೆರೆಯುವುದಿಲ್ಲ. ಈಗ ಮೂರು ಪ್ರಶ್ನೆ. ಶಲ್ಯ ಅರಿಸಿನದ ಹಾಗೇ ಇದೆಯಾ, ನಿಂಬೆಕಾಯಿ ಬಣ್ಣಕ್ಕೆ ತಿರುಗಿತಾ? ಬೇಗಡೆ ಹೊಳೆಯುತ್ತಿದೆಯಾ, ಹಸಿರುಗಟ್ಟಿದೆಯಾ? ನಿಮ್ಮ ಅಂಗೈಯನ್ನು ಬೆಳಕಿಗೆ ಹಿಡಿದರೆ ರಕ್ತ ಇರುವ ಕೈಯ ಹಾಗೆ ಕಾಣುತ್ತದಾ?

ಬರೀ ಆರ್‌ಜಿಬಿ ಲೈಟ್ ಈ ಪರೀಕ್ಷೆಯಲ್ಲಿ ಸೋಲುವುದೇ ಹೆಚ್ಚು. ಆರ್‌ಜಿಬಿಡಬ್ಲ್ಯುದಲ್ಲಿ ಬಿಳಿ ಎಲ್‌ಇಡಿ ತಣ್ಣನೆಯ ಬಿಳಿಯಾಗಿದ್ದರೆ ಸ್ವಲ್ಪ ಕೆಂಪು ಸೇರಿಸಿ ನೋಡಿ. ಅಂಬರ್ ಇರುವುದಾದರೆ ಬಿಳಿಗೆ ಅಂಬರ್ ಕೂಡಿಸಿ ನೋಡಿ, ಮುಖಕ್ಕೆ ಜೀವ ಬರುತ್ತದೆ. ಕೊಳ್ಳುವ ಲೈಟಿಗೆ, ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಎಂದು 100ಕ್ಕೆ ಅಳೆದು ಹೇಳುವ ಸಿಆರ್‌ಐ ಅಂಕಿ ಕೊಟ್ಟಿದ್ದರೆ ನೋಡಿ. ಹಳೆಯ ಹ್ಯಾಲೋಜನ್ ಪಾರ್ ಕ್ಯಾನ್ 100ರ ಹತ್ತಿರ ಇರುತ್ತಿತ್ತು. ಮುಖದ ಬೆಳಕಿಗೆ 90ರ ಮೇಲಿರುವುದು ಸಿಕ್ಕರೆ ಬಿಡಬೇಡಿ.

ಇದೇ ಹೊತ್ತಿಗೆ ಒಂದು ಮಾತು. ರಾಕ್ಷಸ ವೇಷದ ಪ್ರವೇಶಕ್ಕೆ ವೇದಿಕೆಯನ್ನೆಲ್ಲ ಕೆಂಪು ಮಾಡುವ ರೂಢಿ ಇದೆ. ಬಣ್ಣದ ವೇಷದವರು ಗಂಟೆಗಟ್ಟಲೆ ಕೂತು ಮುಖದ ಮೇಲೆ ಕೆಂಪು, ಬಿಳಿ, ಕಪ್ಪು ಬರೆದುಕೊಂಡಿರುತ್ತಾರೆ. ಅಚ್ಚ ಕೆಂಪು ಬೆಳಕಿನಲ್ಲಿ ಕೆಂಪು ಮತ್ತು ಬಿಳಿ ಒಂದೇ ಆಗಿಬಿಡುತ್ತವೆ. ಆ ಬರೆಹವೆಲ್ಲ ಅಳಿಸಿಹೋದ ಹಾಗೆ. ನೀಲಿ ಬಿಟ್ಟರೆ ಕೆಂಪು ಬಟ್ಟೆ ಕಪ್ಪಾಗುತ್ತದೆ. ಕೆಂಪನ್ನು ಹಿಂದಿನಿಂದ, ಬದಿಯಿಂದ ಬಿಡಿ. ಮುಂದಿನಿಂದ ಬೆಚ್ಚನೆಯ ಬಿಳಿ ಸ್ವಲ್ಪ ಇರಲೇಬೇಕು. ಕಲಾವಿದರ ಶ್ರಮಕ್ಕೆ ನಾವು ಕೊಡುವ ಮರ್ಯಾದೆ ಅದು. ಇದಕ್ಕಾಗಿಯೇ ಮುಂದಿನ ಲೈಟಿನಲ್ಲಿ ಒಳ್ಳೆಯ ಬಿಳಿ ಬೇಕು ಎಂದು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹಂತ 4: ನೆರಳು, ಮಂದ ಬೆಳಕು, ಕ್ಯಾಮೆರಾ

ಲೈಟಿನ ಎದುರು ಕೈ ಹಿಡಿದು ಗೋಡೆಯ ಮೇಲೆ ನೆರಳು ನೋಡಿ. ಒಂದೊಂದು ಎಲ್‌ಇಡಿ ಒಂದೊಂದು ಬಣ್ಣದ ಲೈಟಿನಲ್ಲಿ ನೆರಳಿನ ಅಂಚಿಗೆ ಕೆಂಪು, ಹಸಿರು, ನೀಲಿ ಗೆರೆ ಬರುತ್ತವೆ. ಒಂದೇ ಲೆನ್ಸಿನ ಕೆಳಗೆ ಎಲ್ಲ ಬಣ್ಣ ಇರುವ ಲೈಟಿನಲ್ಲಿ ಇದು ಬಹಳ ಕಮ್ಮಿ. ಮರಕ್ಕೆ ಬಣ್ಣ ಬಿಡುವುದಾದರೆ ಇದು ಲೆಕ್ಕಕ್ಕಿಲ್ಲ. ಭರತನಾಟ್ಯದ ಹಿಂದೆ ಬಿಳಿ ಪರದೆ ಇದ್ದರೆ ಕಣ್ಣಿಗೆ ಚುಚ್ಚುತ್ತದೆ.

ಆಮೇಲೆ ಡಿಮ್ಮರನ್ನು ಸೊನ್ನೆಯಿಂದ ನಿಧಾನ ಏರಿಸಿ. ಅಗ್ಗದ ಲೈಟ್ ಪೂರಾ ಕತ್ತಲೆಯಿಂದ ಟಕ್ಕನೆ ಹತ್ತುತ್ತದೆ, ಶುರುವಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನಾಟಕದವರು ಇದನ್ನು ಒಪ್ಪುವುದಿಲ್ಲ, ಸರಿಯಾಗಿಯೇ ಮಾಡುತ್ತಾರೆ. ದೃಶ್ಯ ಮುಗಿಯುವಾಗ ಬೆಳಕು ಹದವಾಗಿ ಇಳಿಯಬೇಕು.

ಕ್ಯಾಮೆರಾ ಪರೀಕ್ಷೆಯನ್ನು ಬಿಡಲೇಬೇಡಿ. ಈಗ ಪ್ರತಿ ಆಟವೂ ಫೋನಿನಲ್ಲಿ, ಲೈವಿನಲ್ಲಿ ಹೋಗುತ್ತದೆ. ಎಲ್‌ಇಡಿಯನ್ನು ಮಂದ ಮಾಡುವುದು ಅದನ್ನು ಬಹಳ ಬೇಗ ಬೇಗ ಆರಿಸಿ ಹಚ್ಚುವ ಮೂಲಕ. ಆ ವೇಗ ಕಮ್ಮಿ ಇದ್ದರೆ ವಿಡಿಯೋದಲ್ಲಿ ಅಡ್ಡ ಪಟ್ಟಿ ಓಡುತ್ತವೆ. ಲೈಟನ್ನು ಅರ್ಧಕ್ಕಿಂತ ಕೆಳಗೆ ಇಳಿಸಿ, ಫೋನಿನ ಸ್ಲೋ ಮೋಷನ್ನಿನಲ್ಲಿ ಬಿಳಿ ಗೋಡೆಯ ವಿಡಿಯೋ ತೆಗೆಯಿರಿ. ಗೋಡೆ ಮಿಣುಕಿದರೆ ಲೈಟಿನ ಮೆನುವಿನಲ್ಲಿ ಫ್ರೀಕ್ವೆನ್ಸಿ ಬದಲಿಸುವ ಆಯ್ಕೆ ಇದೆಯೇ ನೋಡಿ. ಇಲ್ಲದಿದ್ದರೆ ಮುಂದಿನ ಬೆಳಕಿಗೆ ಆ ಲೈಟ್ ಬೇಡ.

ಹಂತ 5: ಬೀಮ್ ಆಂಗಲ್ ಮತ್ತು ದೂರ

ಬೀಮ್ ಆಂಗಲ್ ಎಂದರೆ ಬೆಳಕು ಎಷ್ಟು ಅಗಲಕ್ಕೆ ಹರಡುತ್ತದೆ ಎಂದು ಹೇಳುವ ಕೋನ. ಹದಿನೈದು ಅಡಿ ದೂರದಲ್ಲಿ 25 ಡಿಗ್ರಿಯ ಲೈಟ್ ಸುಮಾರು ಆರೂವರೆ ಅಡಿ ಅಗಲದ ವೃತ್ತ ಕೊಡುತ್ತದೆ. 40 ಡಿಗ್ರಿಯದು ಸುಮಾರು ಹನ್ನೊಂದು ಅಡಿ. ಅದೇ ಬೆಳಕು ಜಾಸ್ತಿ ಜಾಗಕ್ಕೆ ಹರಡುವುದರಿಂದ 40 ಡಿಗ್ರಿಯಲ್ಲಿ ಹೊಳಪು ಮೂರನೇ ಒಂದು ಭಾಗಕ್ಕಿಂತ ತುಸು ಮೇಲಷ್ಟೇ ಉಳಿಯುತ್ತದೆ. ಹಾಗಾಗಿ ಬೇರೆ ಬೇರೆ ಡಿಗ್ರಿಯ ಎರಡು ಲೈಟನ್ನು ಪಕ್ಕದಲ್ಲಿಟ್ಟು ಇದು ಜೋರು, ಅದು ಮಂದ ಎಂದು ತೀರ್ಮಾನಿಸುವುದು ತಪ್ಪು. ದೂರ ದುಪ್ಪಟ್ಟಾದರೆ ಹೊಳಪು ಕಾಲು ಭಾಗ ಆಗುತ್ತದೆ ಎನ್ನುವುದೂ ನೆನಪಿರಲಿ. ಚಿಕ್ಕ ವೇದಿಕೆಗೆ ಹತ್ತಿರದಿಂದ ಹಚ್ಚುವುದಾದರೆ 40, ಬಯಲಿನಲ್ಲಿ ದೂರದ ಕಂಬದಿಂದ ಬಿಡುವುದಾದರೆ 25 ಅನುಕೂಲ.

ಹಂತ 6: ಬಿಸಿ, ಹುಳ, ಉಪ್ಪು ಗಾಳಿ

ಅಂಗಡಿಯವರನ್ನು ಒಪ್ಪಿಸಿ ಲೈಟನ್ನು ಒಂದೆರಡು ತಾಸು ಪೂರ್ತಿ ಬಿಳಿಯಲ್ಲಿ ಉರಿಸಿ. ಶುರುವಿನಲ್ಲಿ ಬಿಳಿ ಪಂಚೆಯ ಫೋಟೋ ತೆಗೆದಿಡಿ, ಕೊನೆಗೆ ಇನ್ನೊಂದು. ಬಿಸಿಯಾದಾಗ ಕೆಂಪು ಎಲ್‌ಇಡಿ ಬೇರೆ ಬಣ್ಣಗಳಿಗಿಂತ ಜಾಸ್ತಿ ಮಂಕಾಗುತ್ತದೆ. ಆಗ ಬಿಳಿ ನೀಲಿಗೆ ತಿರುಗುತ್ತದೆ. ಒಳಗೆ ಅಲ್ಯೂಮಿನಿಯಂ ಹೀಟ್‌ಸಿಂಕ್ ದಪ್ಪವಾಗಿದ್ದರೆ ಈ ತೊಂದರೆ ಕಮ್ಮಿ. ಕೈಯಲ್ಲಿ ಎತ್ತಿ ನೋಡಿದರೆ ಹೂವಿನಷ್ಟು ಹಗುರ ಇರುವ ಲೈಟನ್ನು ನಾನು ಅಲ್ಲೇ ಕೆಳಗಿಡುತ್ತೇನೆ.

ಫ್ಯಾನ್ ಸದ್ದನ್ನೂ ಕೇಳಿ. ಆರ್ಕೆಸ್ಟ್ರಾದಲ್ಲಿ ಅದು ಯಾರಿಗೂ ಕೇಳುವುದಿಲ್ಲ. ತಾಳಮದ್ದಳೆಯಲ್ಲಿ ಅರ್ಥಧಾರಿಯ ಮಾತಿನ ನಡುವೆ ಹನ್ನೆರಡು ಫ್ಯಾನ್ ಗೊಂಯ್ ಅಂದರೆ ಮುಂದೆ ಕೂತವರಿಗೆ ಕಿರಿಕಿರಿ.

ನಮ್ಮ ಕಡೆ ಫ್ಯಾನಿಗೆ ಇನ್ನೂ ಒಂದು ಶತ್ರು ಇದೆ. ಗದ್ದೆ ಬಯಲಿನಲ್ಲಿ ರಾತ್ರಿ ಲೈಟ್ ಹಚ್ಚಿದ ಹತ್ತು ನಿಮಿಷಕ್ಕೆ ಹುಳ ಮುತ್ತುತ್ತವೆ. ನೀಲಿ, ಯುವಿ, ತಣ್ಣನೆಯ ಬಿಳಿಗೆ ಜಾಸ್ತಿ, ಬೆಚ್ಚನೆಯ ಹಳದಿಗೆ ಕಮ್ಮಿ. ಫ್ಯಾನ್ ಅವನ್ನು ಒಳಗೆ ಎಳೆದುಕೊಂಡು ಜಾಲರಿ ಕಟ್ಟಿಕೊಳ್ಳುತ್ತದೆ. ಬಯಲು ಕೆಲಸ ಹೆಚ್ಚಿರುವವರು ಫ್ಯಾನ್ ಇಲ್ಲದ ಲೈಟನ್ನೇ ಹುಡುಕುವುದು ಒಳ್ಳೆಯದು. ಅದು ಸಿಗದಿದ್ದರೆ ಜಾಲರಿಯನ್ನು ಸ್ಕ್ರೂ ತೆಗೆದು ಒರೆಸಲು ಬರುವಂಥದ್ದನ್ನು ಆರಿಸಿ.

ಕಾರವಾರದ ಕಡಲ ತೀರದಲ್ಲಿ ಕಾರ್ಯಕ್ರಮ ಮಾಡುವವರಿಗೆ ಉಪ್ಪು ಗಾಳಿಯ ಕಾಟ ಹೇಳಬೇಕಾಗಿಲ್ಲ. ಮೊದಲು ತುಕ್ಕು ಹಿಡಿಯುವುದು ಬ್ರಾಕೆಟ್ಟಿನ ಬೋಲ್ಟು, ಆಮೇಲೆ ಕನೆಕ್ಟರಿನ ಪಿನ್ನು. ಸ್ಟೇನ್‌ಲೆಸ್ ಬೋಲ್ಟ್ ಇದೆಯೇ ನೋಡಿ, ಇಲ್ಲದಿದ್ದರೆ ತಂದ ದಿನವೇ ಬದಲಿಸಿ. ಐಪಿ65 ಎಂದರೆ ಧೂಳು ಒಳಹೋಗದು, ನೀರು ರಾಚಿದರೂ ತಡೆಯುತ್ತದೆ. ಐಪಿ20ಕ್ಕೆ ನೀರಿನಿಂದ ರಕ್ಷಣೆಯೇ ಇಲ್ಲ. ಮಳೆ ಬರದಿದ್ದರೂ ಶಿರಸಿ, ಸಿದ್ದಾಪುರದಲ್ಲಿ ಚಳಿಗಾಲದ ಬೆಳಗಿನ ಜಾವ ಇಬ್ಬನಿ ಲೈಟಿನ ಮೇಲೆ ಹನಿಯುತ್ತದೆ. ಬೆಲೆ ಸಾಕಷ್ಟು ಜಾಸ್ತಿಯಾದರೂ ಬಯಲಿನಲ್ಲಿ ನಿಲ್ಲುವ ಲೈಟ್ ಐಪಿ65 ಇರಲಿ. ಹಾಲ್ ಒಳಗೆ, ಶಾಮಿಯಾನದ ಅಡಿಯಲ್ಲಿ ಇರುವುದಕ್ಕೆ ಬೇಕಾಗಿಲ್ಲ.

ಹಂತ 7: ಕರೆಂಟಿನ ಲೆಕ್ಕ

ಹಳೆಯ 1000 ವ್ಯಾಟಿನ ಪಾರ್ ಕ್ಯಾನ್ ಎಂಟು ಹಚ್ಚಿದರೆ 8 ಕಿಲೋವ್ಯಾಟ್. ಮೀಟರಿನಲ್ಲಿ 150 ವ್ಯಾಟ್ ಎಳೆಯುವ ಎಲ್‌ಇಡಿ ಹನ್ನೆರಡು ಹಚ್ಚಿದರೆ 1800 ವ್ಯಾಟ್, 230 ವೋಲ್ಟಿಗೆ ಸುಮಾರು 8 ಆಂಪಿಯರ್. ಲೈಟಿನ ಪವರ್ ಫ್ಯಾಕ್ಟರ್ ಕಮ್ಮಿ ಇದ್ದರೆ ಅದೇ ವ್ಯಾಟಿಗೆ ಇನ್ನೂ ಜಾಸ್ತಿ ಆಂಪಿಯರ್ ಎಳೆಯುತ್ತದೆ. ಎಲ್ಲವನ್ನೂ ಒಂದೇ ಸ್ವಿಚ್ಚಿನಲ್ಲಿ ಹಾಕಿದರೆ ಶುರುವಿನ ಎಳೆತಕ್ಕೆ ಎಂಸಿಬಿ ಬೀಳಬಹುದು, ಎರಡು ಮೂರು ಗುಂಪು ಮಾಡಿ. ಲೈಟಿನಿಂದ ಲೈಟಿಗೆ ಪವರ್ ಜೋಡಿಸುವುದಾದರೆ ಎಷ್ಟರವರೆಗೆ ಎಂದು ಹಿಂಬದಿಯಲ್ಲಿ ಬರೆದಿರುತ್ತದೆ, ಅದನ್ನು ಮೀರಬೇಡಿ.

ಜನರೇಟರ್ ಮೇಲೆ ವೋಲ್ಟೇಜ್ ಏರಿಳಿಯುತ್ತದೆ. ಹಾಗಾಗಿ 100ರಿಂದ 240 ವೋಲ್ಟ್ ಎಂದು ಬರೆದಿರುವ ಲೈಟೇ ವಾಸಿ. ಕರೆಂಟ್ ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಮತ್ತು ಅರ್ಥಿಂಗ್ ಇಲ್ಲದೆ ಮರಳಿನ ಮೇಲೆ, ಒದ್ದೆ ನೆಲದ ಮೇಲೆ ಲೈಟ್ ಹಚ್ಚಬೇಡಿ. ತಲೆಯ ಮೇಲೆ ಕಟ್ಟುವ ಪ್ರತಿ ಲೈಟಿಗೂ ಕ್ಲಾಂಪಿನ ಜೊತೆ ಸೇಫ್ಟಿ ಕೇಬಲ್ ಬೇಕು. ಇವೆರಡರಲ್ಲಿ ರಾಜಿ ಇಲ್ಲ.

ಹಂತ 8: ಡಿಎಂಎಕ್ಸ್ ಹೊಂದುತ್ತದೆಯೇ?

ಡಿಎಂಎಕ್ಸ್ ಎಂದರೆ ಒಂದು ಕಂಟ್ರೋಲರಿನಿಂದ ಕೇಬಲ್ ಮೂಲಕ ಎಲ್ಲ ಲೈಟನ್ನೂ ನಡೆಸುವ ವ್ಯವಸ್ಥೆ. ಡಿಮ್ಮರ್, ಕೆಂಪು, ನೀಲಿ ಹೀಗೆ ಒಂದೊಂದಕ್ಕೆ ಒಂದೊಂದು ಚಾನೆಲ್. ಡಿಎಂಎಕ್ಸಿನ ಒಂದು ಲೈನಿನಲ್ಲಿ 512 ಚಾನೆಲ್. ಎಂಟು ಚಾನೆಲ್ಲಿನ ಲೈಟ್ ಹನ್ನೆರಡಿದ್ದರೂ 96 ಆಗುತ್ತದೆ, ಜಾಗಕ್ಕೆ ಬರವಿಲ್ಲ. ತೊಡಕು ಇರುವುದು ಚಾನೆಲ್ಲಿನ ಸಾಲಿನಲ್ಲಿ. ಒಂದು ಲೈಟಿನಲ್ಲಿ ಮೊದಲ ಚಾನೆಲ್ ಡಿಮ್ಮರ್, ಇನ್ನೊಂದರಲ್ಲಿ ಮೊದಲನೆಯದೇ ಕೆಂಪು. ಇವೆರಡನ್ನು ಒಂದೇ ವಿಳಾಸಕ್ಕೆ, ಅಂದರೆ ಒಂದೇ ಮೊದಲ ಚಾನೆಲ್ ಸಂಖ್ಯೆಗೆ ಹಾಕಿದರೆ ಡಿಮ್ಮರ್ ಎತ್ತಿದಾಗ ಪಕ್ಕದ ಲೈಟ್ ಕೆಂಪಾಗುತ್ತದೆ. ಕೊಳ್ಳುವ ಮುಂಚೆ ಚಾನೆಲ್ ಪಟ್ಟಿಯ ಫೋಟೋ ತೆಗೆದು, ಮನೆಯಲ್ಲಿರುವ ಲೈಟಿನ ಪಟ್ಟಿಯ ಜೊತೆ ಸಾಲು ಸಾಲಾಗಿ ಹೋಲಿಸಿ.

ಸಣ್ಣ ಆಪರೇಟರುಗಳ ಕೈಯಲ್ಲಿ ಸಾಮಾನ್ಯವಾಗಿ ಕಾಣುವ 192 ಚಾನೆಲ್ಲಿನ ಕಂಟ್ರೋಲರ್ ಪ್ರತಿ ಲೈಟಿಗೂ 16 ಚಾನೆಲ್ ಕಾದಿರಿಸುತ್ತದೆ. ಅದರಲ್ಲಿ ಮೊದಲ ಲೈಟಿನ ವಿಳಾಸ 1, ಎರಡನೆಯದು 17, ಮೂರನೆಯದು 33, ನಾಲ್ಕನೆಯದು 49. ಎಂಟು ಚಾನೆಲ್ಲಿನ ಲೈಟ್ ಅಂತ 1, 9, 17 ಎಂದು ಕೊಟ್ಟರೆ ಒಂದೇ ಬಟನ್ನಿಗೆ ಎರಡು ಲೈಟ್ ಬೀಳುತ್ತವೆ.

ಕೇಬಲ್ಲಿಗೆ ಮೈಕ್ ವೈರ್ ಹಾಕುವ ಅಭ್ಯಾಸ ಬಿಡಿ. ನಾಲ್ಕು ಅಡಿಗೆ ನಡೆಯುತ್ತದೆ, ಉದ್ದದ ಲೈನಿನಲ್ಲಿ ಲೈಟ್ ತನ್ನಷ್ಟಕ್ಕೆ ಮಿಂಚತೊಡಗುತ್ತದೆ. ಒಂದು ಲೈನಿಗೆ 32 ಲೈಟಿನವರೆಗೆ ಮಿತಿ. ಕೊನೆಯ ಲೈಟಿನ ಔಟಿಗೆ, ಸಿಗ್ನಲ್ ಹಿಂದಕ್ಕೆ ಪುಟಿಯದಂತೆ ತಡೆಯುವ ಟರ್ಮಿನೇಟರ್ ಸಿಕ್ಕಿಸಿ. ಈ ಕೇಬಲ್ಲಿನ ತುದಿಯಲ್ಲಿ ಇರುವಂಥ ಖಾಲಿ ಎಕ್ಸ್‌ಎಲ್‌ಆರ್ ಕನೆಕ್ಟರಿನ 2 ಮತ್ತು 3ನೇ ಪಿನ್ನಿನ ನಡುವೆ 120 ಓಮಿನ ರೆಸಿಸ್ಟರ್ ಬೆಸುಗೆ ಹಾಕಿದರೆ ಆಯಿತು. ಅದರ ಮೇಲಿನ ಪಟ್ಟಿ ಕಂದು, ಕೆಂಪು, ಕಂದು. ರೇಡಿಯೋ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ.

ಹಂತ 9: ದುಡ್ಡು ಹಂಚುವುದು

ಹನ್ನೆರಡು ಲೈಟಿನ ಬಜೆಟ್ ಇದ್ದರೆ ನಾನು ಹೀಗೆ ಹಂಚುತ್ತೇನೆ. ಮುಂದಿನದಕ್ಕೆ ನಾಲ್ಕು: ಬೆಚ್ಚನೆಯ ಬಿಳಿಯ ಸಿಒಬಿ (ಅನೇಕ ಚಿಪ್ ಒತ್ತೊತ್ತಾಗಿ ಸೇರಿ ಒಂದೇ ದೊಡ್ಡ ಎಲ್‌ಇಡಿಯಂತೆ ಬೆಳಗುವ ಲೈಟ್), ಅಥವಾ ಬಿಳಿ ಮತ್ತು ಅಂಬರ್ ಎರಡೂ ಇರುವ ಫೈವ್ ಇನ್ ಒನ್. ಒಟ್ಟು ದುಡ್ಡಿನ ಅರ್ಧ ಇವಕ್ಕೇ ಹೋದರೂ ಚಿಂತೆಯಿಲ್ಲ. ಹಿಂದೆ ಮತ್ತು ಬದಿಗೆ ಆರು ಸಾದಾ ಆರ್‌ಜಿಬಿಡಬ್ಲ್ಯು. ಬಯಲಿಗೆ, ದೇವಸ್ಥಾನದ ಗೋಡೆಗೆ, ಮರಕ್ಕೆ ಎರಡು ಐಪಿ65. ಯುವಿ ನಿಮ್ಮ ಊರಿನ ಗ್ಯಾದರಿಂಗಿನಲ್ಲಿ ಮಕ್ಕಳ ಡ್ಯಾನ್ಸಿಗೆ ಕೇಳಿದರೆ ಬಾಡಿಗೆಗೆ ತನ್ನಿ.

ಒಂದು ಗುಂಪಿನ ಲೈಟ್‌ಗಳನ್ನು ಒಂದೇ ಸಲ, ಒಂದೇ ಬ್ಯಾಚಿನಲ್ಲಿ ಕೊಳ್ಳಿ. ಈ ವರ್ಷ ಎರಡು, ಮುಂದಿನ ವರ್ಷ ಎರಡು ತಂದರೆ ಅದೇ ಮಾಡೆಲ್ಲಿನಲ್ಲೂ ಬಿಳಿಗೆ ಬಿಳಿ ಹೊಂದುವುದಿಲ್ಲ. ಪವರ್ ಸಪ್ಲೈ ಬೋರ್ಡ್ ಮತ್ತು ಫ್ಯಾನ್ ಬಿಡಿಯಾಗಿ ಸಿಗುತ್ತದೆಯೇ ಕೇಳಿ. ಸಿಗುವುದಾದರೆ ಒಂದೊಂದು ಆಗಲೇ ತಂದಿಡಿ. ಸೀಸನ್ ಮಧ್ಯದಲ್ಲಿ ಲೈಟ್ ರಿಪೇರಿಗೆ ಕಳಿಸಿ ಕಾಯುತ್ತಾ ಕೂರಲು ಆಗುವುದಿಲ್ಲ.

ಜೂನ್ ಮೊದಲ ವಾರಕ್ಕೆ ಮುಂಚೆ ಎಲ್ಲವನ್ನೂ ಇಳಿಸಿ ಒಣ ಬಟ್ಟೆಯಲ್ಲಿ ಒರೆಸಿ. ಕಡಲ ತೀರದಲ್ಲಿ ನಿಂತ ಲೈಟಾದರೆ ಮೊದಲು ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಉಪ್ಪು ತೆಗೆಯಿರಿ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಹಾಕಿ, ನೆಲದಿಂದ ಎತ್ತರದಲ್ಲಿಡಿ. ಮಳೆಗಾಲದ ನಾಲ್ಕು ತಿಂಗಳೂ ಹದಿನೈದು ದಿನಕ್ಕೊಮ್ಮೆ ಅರ್ಧ ತಾಸು ಹಚ್ಚಿ. ಒಳಗಿನ ತೇವ ಆರುತ್ತದೆ, ಲೆನ್ಸಿಗೆ ಬೂಸಲು ಹಿಡಿಯುವುದಿಲ್ಲ. ಯಾವ ಲೈಟಿನ ಕೆಂಪು ಮಂಕಾಗಿದೆ, ಯಾವುದರ ಫ್ಯಾನ್ ತಡವರಿಸುತ್ತಿದೆ ಎಂದು ಆಗಲೇ ಗೊತ್ತಾಗುತ್ತದೆ, ದೀಪಾವಳಿಯೊಳಗೆ ಸರಿಮಾಡಿಸಲು ಸಮಯವೂ ಸಿಗುತ್ತದೆ.